ಸರಾಗವಾಗಿ ಓದುವ ಮಗು ಲೆಕ್ಕದಲ್ಲಿ ಎಡವುವುದೆಲ್ಲಿ?

‘ರವಿಯ ಹತ್ತಿರ 8 ಗೋಲಿಗಳಿವೆ. ಸುಮಾಳ ಹತ್ತಿರ ಇರುವುದಕ್ಕಿಂತ ಇವು 3 ಹೆಚ್ಚು. ಸುಮಾಳ ಹತ್ತಿರ ಎಷ್ಟಿವೆ?’ ಸರಿ ಉತ್ತರ 5, ಆದರೆ ಎಷ್ಟೋ ಮಕ್ಕಳು 11 ಎಂದು ಬರೆಯುತ್ತಾರೆ. ಕೂಡುವುದು, ಕಳೆಯುವುದು ಎರಡೂ ಅವರಿಗೆ ಗೊತ್ತು. ಆದರೆ ‘ಹೆಚ್ಚು’ ಕಣ್ಣಿಗೆ ಬಿದ್ದದ್ದೇ ತಡ, ಕೂಡಿಬಿಡುತ್ತಾರೆ. ‘ಇವು’ ಎಂದರೆ ಯಾರ ಗೋಲಿಗಳು ಎಂದು ತಿರುಗಿ ನೋಡುವುದಿಲ್ಲ. ಅಂಕ ಹೋದದ್ದು ಗಣಿತದಲ್ಲಿ, ತಪ್ಪಿದ್ದು ಓದಿನಲ್ಲಿ.

1917ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಇದನ್ನು ಹಿಡಿದಿದ್ದರು. ಶಾಲೆಗೆ ಬರುವುದು ಕಡ್ಡಾಯ, ಮಗುವಿಗೆ ಕಾಯಿಲೆ, ಮನೆಯಲ್ಲಿ ಅಂಟುರೋಗ ಅಥವಾ ದಾರಿ ಕೆಟ್ಟಿದ್ದರೆ ಮಾತ್ರ ವಿನಾಯಿತಿ ಎನ್ನುವ ಒಂದು ಉದ್ದನೆಯ ವಾಕ್ಯವನ್ನು 6ನೇ ತರಗತಿಯವರಿಗೆ ಕೊಟ್ಟು ಪ್ರಶ್ನೆ ಕೇಳಿದರು. ಉತ್ತರಗಳು ಎಲ್ಲೆಲ್ಲಿಗೋ ಹೋದವು. ಒಂದು ಪದಕ್ಕೆ ಅತಿ ತೂಕ ಕೊಟ್ಟು ಇನ್ನೊಂದನ್ನು ಹಗುರ ಮಾಡಿದ್ದರಿಂದ ಹೀಗಾಯಿತು, ಪ್ಯಾರಾ ಗ್ರಹಿಸುವುದೂ ಗಣಿತದ ಸಮಸ್ಯೆ ಬಿಡಿಸಿದಂತೆಯೇ ಎಂದರು ಅವರು.

ಇಷ್ಟಾದರೂ ಶಾಲೆಗಳು ಗ್ರಹಿಕೆಯನ್ನು ಪರೀಕ್ಷಿಸುತ್ತಲೇ ಹೋದವು, ಕಲಿಸಲಿಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಡಲೋರೆಸ್ ಡರ್ಕಿನ್ 4ನೇ ತರಗತಿಯ ಓದಿನ ಪಾಠಗಳಲ್ಲಿ ಕೂತು ಗಡಿಯಾರ ನೋಡಿದರು: 4,469 ನಿಮಿಷಗಳಲ್ಲಿ ಅರ್ಥಮಾಡಿಕೊಳ್ಳುವ ಬಗೆಯನ್ನು ಹೇಳಿಕೊಟ್ಟದ್ದು 20 ನಿಮಿಷ! ಮಿಕ್ಕಂತೆ ಕಂಡದ್ದು ಹೆಚ್ಚಾಗಿ ಪ್ರಶ್ನೆ ಕೇಳುವುದು, ಅಭ್ಯಾಸ ಹಾಳೆ ತುಂಬಿಸುವುದು.

ತಪ್ಪಿನ ಜಾಗ ಹುಡುಕುವ ವಿಧಾನ ಆಸ್ಟ್ರೇಲಿಯಾದಿಂದ ಬಂತು. 1977ರಲ್ಲಿ ಅಲ್ಲಿನ ಶಿಕ್ಷಣ ಸಂಶೋಧಕಿ ಆನ್ ನ್ಯೂಮನ್ ವಾಕ್ಯರೂಪದ ಲೆಕ್ಕವನ್ನು ಐದು ಮೆಟ್ಟಿಲುಗಳಾಗಿ ಒಡೆದರು: ಓದು, ಏನು ಕೇಳಿದೆ ಹೇಳು, ಯಾವ ಲೆಕ್ಕ ಮಾಡುತ್ತೀಯ, ಮಾಡಿ ತೋರಿಸು, ಉತ್ತರ ಬರೆ. ಗೋಲಿ ಲೆಕ್ಕದ ಮಗು ಎಡವುವುದು ಎರಡನೆಯದರಲ್ಲಿ. ಅದಕ್ಕೆ ಇನ್ನೂ ಐವತ್ತು ಕೂಡುವ ಲೆಕ್ಕ ಕೊಟ್ಟರೆ ಏನೂ ಆಗದು.

1986ರಲ್ಲಿ ಓದಿನ ಸಂಶೋಧಕರಾದ ಗಾಫ್ ಮತ್ತು ಟನ್ಮರ್ ಒಂದು ಸೂತ್ರ ಕೊಟ್ಟರು: ಓದಿದ್ದರ ಗ್ರಹಿಕೆ ಎಂದರೆ ಅಕ್ಷರ ಬಿಡಿಸುವ (ಬರೆದದ್ದನ್ನು ಪದಗಳಾಗಿ ಓದುವ) ಶಕ್ತಿ ಗುಣಿಸು ಭಾಷೆ ತಿಳಿಯುವ ಶಕ್ತಿ. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ತರಗತಿಯಲ್ಲಿ ಪತ್ತೆ ಸುಲಭ: ಅದೇ ಪಾಠವನ್ನು ನೀವೇ ಓದಿ ಹೇಳಿ. ಕೇಳಿದಾಗ ಉತ್ತರ ಬಂದರೆ ತೊಡಕು ಅಕ್ಷರದ್ದು. ಆಗಲೂ ಬಾರದಿದ್ದರೆ ಪದಸಂಪತ್ತಿನದು ಅಥವಾ ವಿಷಯಜ್ಞಾನದ್ದು.

ವಿಷಯಜ್ಞಾನ ಸಣ್ಣ ಸಂಗತಿಯಲ್ಲ. ಸಂಶೋಧಕರಾದ ರೆಕ್ಟ್ ಮತ್ತು ಲೆಸ್ಲಿ ಅವರ 1988ರ ಪ್ರಯೋಗದಲ್ಲಿ ಬೇಸ್‌ಬಾಲ್ ಬಲ್ಲ ‘ದುರ್ಬಲ’ ಓದುಗರು, ಆ ಆಟ ತಿಳಿಯದ ‘ಒಳ್ಳೆಯ’ ಓದುಗರಿಗಿಂತ ಪಂದ್ಯದ ವಿವರಣೆಯನ್ನು ಚೆನ್ನಾಗಿ ನೆನಪಿಟ್ಟರು. ಹಾಗಾಗಿ ವಿಜ್ಞಾನ, ಸಮಾಜದ ಅವಧಿ ಕಿತ್ತು ಓದಿಗೆ ಕೊಡುವುದು ಕೊಂಬೆಯ ಮೇಲೆ ಕೂತು ಬುಡ ಕಡಿದಂತೆ.

ಕಲಿಸುವ ದಾರಿಯೂ ಇದೆ. 1984ರಲ್ಲಿ ಸಂಶೋಧಕರಾದ ಪಾಲಿಂಕ್ಸಾರ್ ಮತ್ತು ಬ್ರೌನ್ ಓದುವಾಗ ಮಾಡಬೇಕಾದ ನಾಲ್ಕು ಕೆಲಸ ಇಟ್ಟರು: ಪ್ರಶ್ನೆ ಮಾಡು, ಸಾರ ಹೇಳು, ತೊಡಕು ಬಿಡಿಸು, ಮುಂದೇನೆಂದು ಊಹಿಸು. ಮೊದಲು ಶಿಕ್ಷಕರು ತಾವು ಯೋಚಿಸುವುದನ್ನು ಬಾಯಿಬಿಟ್ಟು ಹೇಳುತ್ತ ಮಾಡಿ ತೋರಿಸುತ್ತಾರೆ, ಬರಬರುತ್ತ ಮಕ್ಕಳು ಸರದಿಯಲ್ಲಿ ನಡೆಸುತ್ತಾರೆ. ಕೆಡುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. ಮಾಡಿ ತೋರಿಸದೆ ಸರದಿ ಹಚ್ಚಿದರೆ ಮಕ್ಕಳು ಪ್ಯಾರಾದ ಮೊದಲ ವಾಕ್ಯವನ್ನೇ ಎತ್ತಿ ‘ಸಾರ’ ಎಂದು ಓದುತ್ತಾರೆ.