ಕೊನೆಗೆ ಸೇರಿದ ಮಾತ್ರೆ ಯಾವುದು?

ಹೊಸದಾಗಿ ಬರುವ ಹಿರಿಯರಿಗೆ ನಮ್ಮ ಕ್ಲಿನಿಕ್ಕಿನಿಂದ ಫೋನಿನಲ್ಲೇ ಒಂದು ಮಾತು ಹೇಳಿಬಿಡುತ್ತೇವೆ. ಬರೀ ಚೀಟಿ ಸಾಲದು, ಮಾತ್ರೆಗಳನ್ನೇ ತನ್ನಿ. ಎಲ್ಲವನ್ನೂ. ಫ್ರಿಜ್ ಮೇಲಿರುವುದು, ದಿಂಬಿನ ಪಕ್ಕದ್ದು, ಮೂಲೆಯ ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ, ಕಷಾಯದ ಪುಡಿ ಕೂಡ. ಜವಳಿ ಅಂಗಡಿಯ ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಮೇಜಿನ ಮೇಲೆ ಸುರಿದರೆ ಹತ್ತು ಹನ್ನೆರಡು ಸ್ಟ್ರಿಪ್ಪು ಮಾಮೂಲು. ಒಂದೇ ಔಷಧಿ ಎರಡು ಕಂಪನಿಯ ಹೆಸರಿನಲ್ಲಿ ಸಿಕ್ಕಿ, ಎರಡನ್ನೂ ನುಂಗುತ್ತಿದ್ದವರನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಕಳೆದ ಮಳೆಗಾಲದಲ್ಲಿ ಬಸವನಗುಡಿ ಕಡೆಯ ಒಬ್ಬ ಅಜ್ಜಿ ಬಂದಿದ್ದರು. ಎಪ್ಪತ್ತೆಂಟು ವರ್ಷ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗುವಾಗ ಬಿದ್ದು ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿ ಆಗಿತ್ತು. "ವಯಸ್ಸಾಯ್ತಲ್ಲಾ ಡಾಕ್ಟ್ರೇ, ನಿಶ್ಶಕ್ತಿ. ಒಂದು ಒಳ್ಳೆ ಟಾನಿಕ್ ಬರ್ಕೊಡಿ," ಅಂದರು ಮಗಳು.

ನಾನು ಚೀಲ ಬಿಚ್ಚಿದೆ. ಹಳೆಯ ಫೈಲು ನೋಡುತ್ತಾ ಯಾವ ಮಾತ್ರೆ ಯಾವಾಗ ಸೇರಿತು ಅಂತ ಸಾಲಾಗಿ ಜೋಡಿಸಿದೆ. ಕಥೆ ತಾನಾಗೇ ಹೊರಗೆ ಬಂತು. ಬಿಪಿಗೆ ಅಮ್ಲೋಡಿಪಿನ್ ಮೊದಲಿಂದಲೂ ಇತ್ತು. ಜನವರಿಯಲ್ಲಿ ಅದು 5 ಮಿಲಿಗ್ರಾಮಿನಿಂದ 10ಕ್ಕೆ ಏರಿತ್ತು. ಮಾರ್ಚಿನಲ್ಲಿ ಕಾಲು ಊದಿಕೊಂಡು ಚಪ್ಪಲಿ ಹಿಡಿಯದಾಯಿತು. ಬೇರೊಬ್ಬ ಡಾಕ್ಟರು ನೀರಿನ ಮಾತ್ರೆ ಬರೆದರು. ಅದರಿಂದ ಘಳಿಗೆಗೊಮ್ಮೆ ಮೂತ್ರ, ತಡೆಯಲು ಆಗದು. ಅದನ್ನು ನಿಲ್ಲಿಸಲು ಇನ್ನೊಂದು ಮಾತ್ರೆ. ಅದಕ್ಕೆ ಬಾಯಿ ಒಣಗಿತು, ಮಲಬದ್ಧತೆ ಶುರುವಾಯಿತು. ರಾತ್ರಿ ಎದ್ದೆದ್ದು ನಿದ್ದೆ ಕೆಟ್ಟಿತು ಅಂತ ಕೊನೆಗೆ ನಿದ್ದೆ ಮಾತ್ರೆ. ಆ ನಿದ್ದೆ ಮಾತ್ರೆ ಸೇರಿ ಒಂಬತ್ತನೇ ದಿನಕ್ಕೆ ಅಜ್ಜಿ ಬಿದ್ದಿದ್ದರು.

ಯಾರದ್ದು ತಪ್ಪು? ಪ್ರತಿಯೊಬ್ಬ ಡಾಕ್ಟರೂ ತಮ್ಮ ಮುಂದೆ ಬಂದ ತೊಂದರೆಗೆ ಪುಸ್ತಕದಲ್ಲಿರುವ ಔಷಧಿಯನ್ನೇ ಕೊಟ್ಟಿದ್ದಾರೆ. ಆದರೆ ಮೊದಲ ಊತವೇ ಕಾಯಿಲೆ ಆಗಿರಲಿಲ್ಲ. ಅಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಅಗಲ ಮಾಡುತ್ತದೆ. ರಕ್ತ ತರುವ ಕಡೆ ಅಗಲವಾಗುತ್ತದೆ, ವಾಪಸ್ ಒಯ್ಯುವ ಕಡೆ ಅಷ್ಟು ಆಗುವುದಿಲ್ಲ. ನಡುವೆ ಒತ್ತಡ ಏರಿ ನೀರಿನಂಶ ಪಾದದ ಸುತ್ತ ಸೋರುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಇದಲ್ಲ. ಹಾಗಾಗಿ ನೀರಿನ ಮಾತ್ರೆಗೆ ಇದು ಅಷ್ಟಾಗಿ ಇಳಿಯುವುದೂ ಇಲ್ಲ. ಡೋಸ್ ಇಳಿಸಬೇಕು, ಇಲ್ಲವೇ ಔಷಧಿ ಬದಲಿಸಬೇಕು. ಊತಕ್ಕೆ ಹೃದಯ, ಕಿಡ್ನಿ, ಲಿವರ್ ಕೂಡ ಕಾರಣ ಇರಬಹುದು. ಅದನ್ನು ನೋಡಲೇಬೇಕು. ಆದರೆ ಅದರ ಜೊತೆಗೆ ಚೀಲವನ್ನೂ ನೋಡಬೇಕು.

ಒಂದು ಮಾತ್ರೆಯ ಅಡ್ಡ ಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಮಾತ್ರೆ ಬರೆಯುವುದಕ್ಕೆ ಪೌಲಾ ರೋಚನ್ ಮತ್ತು ಜೆರಿ ಗುರ್ವಿಟ್ಜ್ ಎಂಬ ವೈದ್ಯರು 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನದಿಂದ 'ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್' ಎಂಬ ಹೆಸರು ನಿಂತಿತು. ನಾನು ಅದನ್ನು ಮಾತ್ರೆಗಳ ಸರಪಳಿ ಅಂತ ಕರೆಯುತ್ತೇನೆ. ಅದಕ್ಕೂ ಎರಡು ವರ್ಷ ಮುಂಚೆ, 1995ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ 65 ದಾಟಿದವರ ಔಷಧಿ ದಾಖಲೆ ಜಾಲಾಡಿ ಒಂದು ಅಧ್ಯಯನ ಬಂದಿತ್ತು. ಹೊಟ್ಟೆ ತೊಳಸುವುದಕ್ಕೆ ಕೊಡುವ ಮೆಟೊಕ್ಲೋಪ್ರಮೈಡ್ ತೆಗೆದುಕೊಂಡವರಿಗೆ ಆಮೇಲೆ ಪಾರ್ಕಿನ್ಸನ್ ಕಾಯಿಲೆಯ ಔಷಧಿ ಶುರುವಾಗುವ ಸಾಧ್ಯತೆ ಸುಮಾರು ಮೂರು ಪಟ್ಟು ಜಾಸ್ತಿ ಇತ್ತು. ಹೊಟ್ಟೆ ಮಾತ್ರೆ ಕೈ ನಡುಗಿಸಿತ್ತು. ಡಾಕ್ಟರು ನಡುಕಕ್ಕೆ ಔಷಧಿ ಬರೆದಿದ್ದರು.

ಇದು ನ್ಯೂಜೆರ್ಸಿಯ ಹಳೇ ಕಥೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಅದೇ ಜಾಗದಲ್ಲಿ ಲೆವೊಸಲ್ಪಿರೈಡ್ ಎಂಬ ಔಷಧಿ ಕೂತಿದೆ. ಜನರ ಬಾಯಲ್ಲಿ ಅದು ಬರೀ ಗ್ಯಾಸ್ ಮಾತ್ರೆ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಕೂಡ ಇದೇ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡ ಹಿರಿಯರ ನಡಿಗೆ ನಿಧಾನವಾಗುತ್ತದೆ, ಮುಖದಲ್ಲಿ ಭಾವ ಕಡಿಮೆಯಾಗುತ್ತದೆ, ಕೈ ನಡುಗುತ್ತದೆ. ನೋಡಿದರೆ ಥೇಟ್ ಪಾರ್ಕಿನ್ಸನ್. ಗ್ಯಾಸ್ ಮಾತ್ರೆಯನ್ನು ಔಷಧಿ ಅಂತಲೇ ಯಾರೂ ಎಣಿಸುವುದಿಲ್ಲ. "ಬೇರೆ ಏನು ತಗೋತೀರಾ ಯಜಮಾನ್ರೇ?" ಅಂದರೆ, "ಏನಿಲ್ಲಮ್ಮಾ, ಬಿಪಿ, ಶುಗರ್, ಅಷ್ಟೇ" ಅನ್ನುತ್ತಾರೆ. ಚೀಲ ಬೇಕು ಅನ್ನುವುದು ಅದಕ್ಕೇ.

ಸ್ಟ್ರಿಪ್ಪಿನ ಹೆಸರಿನ ಕೊನೆಯಲ್ಲಿರುವ ಅಕ್ಷರಗಳನ್ನು ಮನೆಯವರು ಓದಲು ಕಲಿಯಬೇಕು. ಬಿಪಿಯ ಟೆಲ್ಮಿಸಾರ್ಟನ್ ಮಾತ್ರೆಯ ಹೆಸರಿನ ಕೊನೆಗೆ ಎಎಮ್ ಇದ್ದರೆ ಸಾಮಾನ್ಯವಾಗಿ ಜೊತೆಯಲ್ಲಿ ಅಮ್ಲೋಡಿಪಿನ್ ಇದೆ ಅಂತ. ಎಚ್ ಅಥವಾ ಸಿಟಿ ಇದ್ದರೆ ನೀರಿನ ಮಾತ್ರೆ ಸೇರಿದೆ. ಶುಗರ್ ಮಾತ್ರೆಯ ಎಮ್ ಅಂದರೆ ಮೆಟ್‌ಫಾರ್ಮಿನ್. ಅಸಿಡಿಟಿ ಮಾತ್ರೆಯ ಡಿ ಅಂದರೆ ಡೊಂಪೆರಿಡೋನ್, ಎಲ್ ಅಂದರೆ ಬಹಳ ಸಲ ಮೇಲೆ ಹೇಳಿದ ಲೆವೊಸಲ್ಪಿರೈಡ್. ಎಲ್ಲ ಕಂಪನಿಯೂ ಇದೇ ಪದ್ಧತಿ ಪಾಲಿಸುವುದಿಲ್ಲ. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತದೆ, ಅದೇ ಖಚಿತ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಅದೇ ಮಾತ್ರೆ ಮಗನಿಗೆ ಏನೂ ಮಾಡುವುದಿಲ್ಲ, ಅಪ್ಪನನ್ನು ಬೀಳಿಸುತ್ತದೆ. ಯಾಕೆ? ಒಂದು ಮುಖ್ಯ ಕಾರಣ ಕಿಡ್ನಿ. ಎಂಬತ್ತು ವರ್ಷದ, 45 ಕಿಲೋ ತೂಕದ ಅಜ್ಜಿಯ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ನೋಡುವ ಅಂಕಿ, 1.0 ಬಂದಿದೆ ಅಂದುಕೊಳ್ಳಿ. ಲ್ಯಾಬ್ ರಿಪೋರ್ಟಿನಲ್ಲಿ ಅದು ನಾರ್ಮಲ್. ಮನೆಯವರೂ ಸಮಾಧಾನದಿಂದ ಫೈಲ್ ಮುಚ್ಚುತ್ತಾರೆ. ವಯಸ್ಸು, ತೂಕ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ 1976ರಿಂದ ಇದೆ. ಅದರಲ್ಲಿ ಹಾಕಿದರೆ ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 32 ಮಿಲಿಲೀಟರ್. ಆರೋಗ್ಯವಂತ ಯುವಕರಲ್ಲಿ ಅದು ನೂರರ ಮೇಲಿರುತ್ತದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಸ್ನಾಯುವೇ ಕರಗಿದ ಮೈಯಲ್ಲಿ ಆ ಅಂಕಿ ಕಡಿಮೆ ಇದ್ದರೆ ಖುಷಿಪಡುವಂಥದ್ದೇನಿಲ್ಲ. ಹೊರಗೆ ಹೋಗಬೇಕಾದ ಔಷಧಿ ಒಳಗೇ ಉಳಿಯುತ್ತದೆ.

ಉಪವಾಸದ ದಿನ ಇದು ಎದ್ದು ಕಾಣುತ್ತದೆ. ಸಂಕಷ್ಟಿಗೆ ಚಂದ್ರ ಕಾಣುವವರೆಗೆ ಊಟ ಇಲ್ಲ. ಆದರೆ ಬೆಳಿಗ್ಗೆಯ ಗ್ಲಿಮಿಪಿರೈಡ್ ತಪ್ಪಿಸುವುದಿಲ್ಲ, "ಶುಗರ್ ಮಾತ್ರೆ ಬಿಡಬಾರದು ಅಂದಿದ್ದಾರೆ" ಅಂತ. ಮಧ್ಯಾಹ್ನದ ಹೊತ್ತಿಗೆ ಬೆವರು, ತಡವರಿಸುವ ಮಾತು. ಮನೆಯವರು ಲಕ್ವ ಅಂತ ಓಡಿಸಿಕೊಂಡು ಬರುತ್ತಾರೆ. ಶುಗರ್ ನೋಡಿದರೆ 48, ತೀರಾ ಕಡಿಮೆ. ವ್ರತ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೂ ಕೇಳುವವರಿಲ್ಲ. ಆ ದಿನ ಯಾವ ಮಾತ್ರೆ ಬೇಡ ಅಂತ ಮೊದಲೇ ಬರೆದುಕೊಡುತ್ತೇನೆ.

ನನ್ನದೇ ಒಂದು ತಪ್ಪು ಹೇಳಬೇಕು. ಆಗ ನಾನು ಓದು ಮುಗಿಸಿ ಎರಡು ವರ್ಷ. ಅಪ್ಪನಿಗೆ ನೆಗಡಿ. ಸುಮ್ನೆ ಒಂದು ನೆಗಡಿ ಮಾತ್ರೆ ಕೊಟ್ಟೆ, ಕ್ಲೋರ್‌ಫೆನಿರಮೈನ್ ಇದ್ದದ್ದು. ಅವರಿಗೆ ಪ್ರಾಸ್ಟೇಟ್ ದೊಡ್ಡದಾಗಿತ್ತು, ನನಗೆ ಗೊತ್ತೂ ಇತ್ತು. ಮೂರನೇ ಡೋಸಿಗೆ ಮೂತ್ರ ಪೂರ್ತಿ ಕಟ್ಟಿತು. ನಡುರಾತ್ರಿ ಆಟೊದಲ್ಲಿ ಆಸ್ಪತ್ರೆ, ಟ್ಯೂಬು. ನೋವು ಇಳಿದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು. "ಏನೇ ಕೊಟ್ಟೆ ನಂಗೆ?" ನೆಗಡಿ ಮಾತ್ರೆ ಅಂತ ಹೇಳಲು ನಾಲಿಗೆ ಏಳಲಿಲ್ಲ. ಈ ಜಾತಿಯ ಮಾತ್ರೆಗಳು ಹಿರಿಯರಲ್ಲಿ ಮೂತ್ರ ಕಟ್ಟಿಸುವುದಷ್ಟೇ ಅಲ್ಲ, ತಲೆಯನ್ನೂ ಮಂಕು ಮಾಡುತ್ತವೆ. ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿಯನ್ನು ಮಾರ್ಕ್ ಬೀರ್ಸ್ ಎಂಬ ವೈದ್ಯರು 1991ರಲ್ಲೇ ಶುರು ಮಾಡಿದ್ದರು. 2023ರ ಪರಿಷ್ಕರಣೆಯಲ್ಲೂ ಕ್ಲೋರ್‌ಫೆನಿರಮೈನ್ ಅದರಲ್ಲಿದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಕೇಳಿದ ತಕ್ಷಣ ಸಿಗುತ್ತದೆ.

ಇದನ್ನೆಲ್ಲ ಓದಿ ನಾಳೆ ಬೆಳಿಗ್ಗೆ ಅಮ್ಮನ ಮಾತ್ರೆ ಡಬ್ಬಿ ಖಾಲಿ ಮಾಡಬೇಡಿ, ದಯವಿಟ್ಟು. ಬಿಪಿ, ಎದೆನೋವಿಗೆ ಕೊಡುವ ಬೀಟಾ ಬ್ಲಾಕರ್, ವರ್ಷಗಟ್ಟಲೆ ತೆಗೆದುಕೊಂಡ ನಿದ್ದೆ ಮಾತ್ರೆ, ಸ್ಟಿರಾಯ್ಡ್, ಇವನ್ನು ಒಮ್ಮೆಲೇ ನಿಲ್ಲಿಸಿದರೆ ಅಪಾಯ. ಸ್ಟೆಂಟ್ ಹಾಕಿದವರ ಆಸ್ಪಿರಿನ್ ಮುಟ್ಟಲೇಬಾರದು. ವಯಸ್ಸಾದವರಿಗೆ ಬಿಪಿ ಮಾತ್ರೆಯೇ ಬೇಡ ಅನ್ನುವವರೂ ಇದ್ದಾರೆ. ಅದೂ ತಪ್ಪು. 80 ದಾಟಿದ 3,845 ಜನರ ಮೇಲೆ ನಡೆದ ಹೈವೆಟ್ ಅಧ್ಯಯನ 2008ರಲ್ಲಿ ಹೊರಬಂತು. ಬಿಪಿಗೆ ಔಷಧಿ ಪಡೆದವರಲ್ಲಿ ಸಾವು 21 ಶೇಕಡಾ ಕಡಿಮೆ. ಆದರೆ ಅಲ್ಲಿ ಇಟ್ಟುಕೊಂಡ ಗುರಿ 150/80. ನಮ್ಮಲ್ಲಿ ಎಂಬತ್ತೈದರ ತಾತನಿಗೂ 120 ಬರಲೇಬೇಕು ಅಂತ ಹಟ ಹಿಡಿಯುವವರಿದ್ದಾರೆ.

ಜೊತೆಗೆ, ಕೂತಾಗ ಮಾತ್ರ ಬಿಪಿ ನೋಡಿದರೆ ಸಾಲದು. ಐದು ನಿಮಿಷ ಮಲಗಿಸಿ ನೋಡಿ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20ರಷ್ಟು ಬಿದ್ದರೆ ಬಚ್ಚಲಿನ ದಾರಿಯಲ್ಲಿ ಅವರೂ ಬೀಳುತ್ತಾರೆ. ಬಸವನಗುಡಿಯ ಅಜ್ಜಿಗೆ 34 ಬಿದ್ದಿತ್ತು.

ಅವರಿಗೆ ಹೃದಯ, ಕಿಡ್ನಿ, ಸೋಡಿಯಂ ನೋಡಿಸಿದೆ. ಊತಕ್ಕೆ ಬೇರೆ ಕಾರಣ ಸಿಗಲಿಲ್ಲ. ಮೊದಲು ನೀರಿನ ಮಾತ್ರೆ, ಮೂತ್ರ ತಡೆಯುವ ಮಾತ್ರೆ ಎರಡನ್ನೂ ನಿಲ್ಲಿಸಿದೆವು. ಅಮ್ಲೋಡಿಪಿನ್ ವಾಪಸ್ 5ಕ್ಕೆ. ನಿದ್ದೆ ಮಾತ್ರೆ ಅರ್ಧ, ಆಮೇಲೆ ಕಾಲು, ಹೀಗೆ ನಿಧಾನಕ್ಕೆ. ಟಾನಿಕ್ ಬರೆಯಲಿಲ್ಲ. ಮಗಳಿಗೆ ಬೇಜಾರಾಯಿತು. ಅಮೆರಿಕದಲ್ಲಿರುವ ಮಗ ರಾತ್ರಿ ವಿಡಿಯೋ ಕಾಲ್ ಮಾಡಿ, "ಏನು ಕೊಟ್ರು?" ಅಂತ ಕೇಳಿದರಂತೆ. "ಏನೂ ಕೊಡ್ಲಿಲ್ಲ ಕಣೋ, ಇದ್ದಿದ್ದನ್ನೇ ಕಿತ್ಕೊಂಡ್ರು," ಅಂದರಂತೆ ಅಜ್ಜಿ.

ಮೂರು ವಾರಕ್ಕೆ ಮತ್ತೆ ಬಂದರು. ಬಿಪಿ 142. ಊತ ಮುಕ್ಕಾಲು ಪಾಲು ಇಳಿದಿತ್ತು. ರಾತ್ರಿ ಒಂದೇ ಸಲ ಏಳುತ್ತೇನೆ ಅಂದರು. ಕೈಯಲ್ಲಿ ಚೀಲ ಇತ್ತು, ಅದರಲ್ಲಿ ನಾನು ನೋಡಿರದ ಒಂದು ಹೊಸ ಸ್ಟ್ರಿಪ್ಪೂ ಇತ್ತು. "ಅದು ಪಕ್ಕದ ಮನೆಯವರು ಕೊಟ್ಟಿದ್ದು ಕಣಮ್ಮಾ, ಮಂಡಿ ನೋವಿಗೆ."