ಎಐ ಇದ್ದರೆ ಸಿಟಿ ಸ್ಕ್ಯಾನಿನ ರೇಡಿಯೇಶನ್ ಎಷ್ಟು ಬೇಕಾದರೂ ಇಳಿಸಬಹುದಾ?

"ಮಸುಕಾದ ಚಿತ್ರವನ್ನು ಡೀಪ್ ಲರ್ನಿಂಗ್ ತಿಳಿ ಮಾಡುತ್ತದೆ ಅಲ್ವಾ? ಹಾಗಾದರೆ ಡೋಸನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಲಿ. ಉಳಿದದ್ದನ್ನು ಕಂಪ್ಯೂಟರ್ ತುಂಬಿಕೊಳ್ಳುತ್ತದೆ."

ಹೀಗೆ ಕೇಳುವ ಓದುಗರಿಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಡೀಪ್ ಲರ್ನಿಂಗ್ ಅಂದರೆ ಬಹಳಷ್ಟು ಉದಾಹರಣೆ ನೋಡಿ ಕಲಿಯುವ ಎಐ. ಇನ್ನೊಮ್ಮೆ ಹೇಳುತ್ತೇನೆ. ಡೋಸ್, ಅಂದರೆ ದೇಹಕ್ಕೆ ಬೀಳುವ ರೇಡಿಯೇಶನ್ ಪ್ರಮಾಣ, ಇಳಿಸಬಹುದು, ಒಂದು ಮಿತಿಯವರೆಗೆ. ಆದರೆ ಕಂಪ್ಯೂಟರ್ ಏನನ್ನೂ "ತುಂಬಿಕೊಳ್ಳುವುದಿಲ್ಲ".

ಸಿಟಿ ಸ್ಕ್ಯಾನಿನ ರೇಡಿಯೇಶನ್ ಅಂದರೆ ಎಕ್ಸ್-ರೇ. ದೇಹವನ್ನು ದಾಟಿ ಅದು ಎಷ್ಟು ಬಂತು ಎಂದು ಡಿಟೆಕ್ಟರ್ ಅಳೆಯುತ್ತದೆ. ಬಂದದ್ದು ಕಡಿಮೆಯಾದಷ್ಟೂ ಅಳತೆ ಏರುಪೇರಾಗುತ್ತದೆ. ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುವುದು ಇದೇ. ಇದನ್ನು ನಾಯ್ಸ್ ಅಂತಾರೆ. ಡೋಸ್ ಕಾಲು ಭಾಗವಾದರೆ ನಾಯ್ಸ್ ಸುಮಾರು ಎರಡು ಪಟ್ಟು. ನೂರನೇ ಒಂದು ಭಾಗವಾದರೆ ಹತ್ತು ಪಟ್ಟು.

ಡೀಪ್ ಲರ್ನಿಂಗಿನಲ್ಲಿ ಕಲಿಯುವ ಪ್ರೋಗ್ರಾಮಿಗೆ ನೆಟ್‌ವರ್ಕ್ ಅಂತಾರೆ. ಅದಕ್ಕೆ ಕಲಿಸುವುದು ಹೇಗೆ? ಒಂದೇ ದೇಹದ ಎರಡು ಚಿತ್ರ ಕೊಡುತ್ತಾರೆ, ಒಂದು ಪೂರ್ಣ ಡೋಸಿನದು, ಇನ್ನೊಂದು ಕಡಿಮೆ ಡೋಸಿನದು. ಇದಕ್ಕಾಗಿ ಸಾಮಾನ್ಯವಾಗಿ ಯಾರನ್ನೂ ಎರಡು ಸಲ ಸ್ಕ್ಯಾನ್ ಮಾಡುವುದಿಲ್ಲ. ಪೂರ್ಣ ಡೋಸಿನ ಅಳತೆಗೇ ಲೆಕ್ಕ ಹಾಕಿ ನಾಯ್ಸ್ ಬೆರೆಸುತ್ತಾರೆ. 2016ರ ಸ್ಪರ್ಧೆಯೊಂದಕ್ಕೆ ಅಮೆರಿಕದ ಮೇಯೋ ಕ್ಲಿನಿಕ್ ಹೀಗೆ ಮಾಡಿದ ಕಾಲು ಡೋಸಿನ ಚಿತ್ರಗಳನ್ನು ಕೊಟ್ಟಿತ್ತು. ಇಂಥವನ್ನು ನೋಡಿ ನೋಡಿ ನೆಟ್‌ವರ್ಕ್ ನಾಯ್ಸಿನ ಗುರುತು ಹಿಡಿಯುತ್ತದೆ, ಅಂಗಗಳ ಅಂಚಿನ ಗುರುತೂ ಹಿಡಿಯುತ್ತದೆ.

ಗಮನಿಸಿ, ಅದು ಕಲಿತದ್ದು ಬೇರೆಯವರ ದೇಹಗಳಿಂದ. ನಿಮ್ಮ ಲಿವರಿನಲ್ಲಿ ಒಂದು ಪುಟ್ಟ ಗಂಟು ಇದೆ ಅಂದುಕೊಳ್ಳಿ. ಸುತ್ತಲಿನ ಬೂದು ಬಣ್ಣಕ್ಕೂ ಅದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ನಾಯ್ಸಿನಲ್ಲಿ ಅದು ಮುಳುಗಿಹೋಗಿದ್ದರೆ ನೆಟ್‌ವರ್ಕ್ ಅದನ್ನೂ ನಾಯ್ಸ್ ಅಂದುಕೊಂಡು ಒರೆಸಿಬಿಡಬಹುದು. ಇಲ್ಲದ ಗಂಟನ್ನು ಮೂಡಿಸಲೂಬಹುದು. ನನಗೆ ಹೆದರಿಕೆ ಇರುವುದು ಇಲ್ಲೇ. ನಾಯ್ಸ್ ಇರುವ ಚಿತ್ರ ಡಾಕ್ಟರಿಗೆ "ನನ್ನನ್ನು ಪೂರ್ತಿ ನಂಬಬೇಡಿ" ಎಂದು ತಾನೇ ಹೇಳುತ್ತದೆ. ನುಣುಪಾದ ಚಿತ್ರ ಆ ಎಚ್ಚರಿಕೆ ಕೊಡುವುದಿಲ್ಲ. ನುಣುಪಾಗಿ ಕಂಡದ್ದೆಲ್ಲ ಒಳ್ಳೆಯ ಚಿತ್ರವಲ್ಲ, ದಯವಿಟ್ಟು ಇದೊಂದನ್ನು ನೆನಪಿಡಿ.

ಹಾಗಂತ ಈ ತಂತ್ರ ಸುಮ್ನೆ ಅಲ್ಲ. 2019ರಿಂದ ಸಿಟಿ ಯಂತ್ರಗಳಲ್ಲೇ ಬರುತ್ತಿದೆ, ಡೋಸ್ ಇಳಿಸಲು ನಿಜವಾಗಿ ನೆರವಾಗಿದೆ. ಎಷ್ಟು ಇಳಿಸಬಹುದು ಅನ್ನುವುದು ಏನನ್ನು ಹುಡುಕುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಶ್ವಾಸಕೋಶದಲ್ಲಿ ಸುತ್ತಲೂ ಗಾಳಿ, ಗಂಟು ಎದ್ದು ಕಾಣುತ್ತದೆ. ಅದಕ್ಕೇ ಅಲ್ಲಿ ಡೀಪ್ ಲರ್ನಿಂಗ್ ಬರುವ ಮೊದಲೇ ಕಡಿಮೆ ಡೋಸ್ ಸಾಕಾಗಿತ್ತು. ಮಾಮೂಲಿ ಎದೆ ಸಿಟಿಗೆ ಸುಮಾರು 7 ಮಿಲಿಸೀವರ್ಟ್ (ರೇಡಿಯೇಶನ್ ಡೋಸ್ ಅಳೆಯುವ ಮಾನ) ಆದರೆ ಕಡಿಮೆ ಡೋಸಿನದಕ್ಕೆ ಸುಮಾರು 1.5. ಲಿವರಿನಲ್ಲಿ ಇಷ್ಟು ಸಲೀಸಿಲ್ಲ.

ಎಂಆರ್‌ಐ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಅದರಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ, ಇಳಿಸಲು ಡೋಸೂ ಇಲ್ಲ. ಅಲ್ಲಿ ಡೀಪ್ ಲರ್ನಿಂಗ್ ಉಳಿಸುವುದು ಸಮಯವನ್ನು. ಕಡಿಮೆ ಅಳತೆ ತೆಗೆದುಕೊಂಡು ಬೇಗ ಮುಗಿಸಬಹುದು. ನೋವಿನಲ್ಲಿ ಅಲುಗಾಡದೆ ಮಲಗಿರುವವರಿಗೆ ಐದು ನಿಮಿಷ ಉಳಿದರೂ ಜಾಸ್ತಿಯೇ.