ಸ್ವಂತ ವೆಬ್‌ಸೈಟ್: ವಿಳಾಸ ಮೊದಲು, ವಿನ್ಯಾಸ ಆಮೇಲೆ

ವೆಬ್‌ಸೈಟ್ ಮಾಡಿಸಬೇಕೆಂದು ಬಂದವರು ಬಣ್ಣ, ವಿನ್ಯಾಸ, ಖರ್ಚಿನ ಮಾತು ತೆಗೆಯುತ್ತಾರೆ. ನಾನು ಮೊದಲು ಕೇಳುವುದು ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಯಾರ ಹೆಸರಿನಲ್ಲಿದೆ ಎಂದು.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಘಟಕದ ಮಾಲೀಕರೊಬ್ಬರು ಫೋನ್ ಮಾಡಿ, "ಸರ್, ನಮ್ ವೆಬ್‌ಸೈಟ್ ಬಂದ್ ಆಗೈತ್ರಿ, ಮಾಡಿಕೊಟ್ಟ ಹುಡುಗ ಫೋನ್ ಎತ್ತವಲ್ಲ" ಎಂದರು. ವಿಚಾರಿಸಿದರೆ ಡೊಮೇನ್ ಆ ಹುಡುಗನ ಇಮೇಲ್‌ನಲ್ಲೇ ನೋಂದಣಿಯಾಗಿತ್ತು. ನವೀಕರಣದ ಸೂಚನೆಗಳೆಲ್ಲ ಅಲ್ಲಿಗೇ ಹೋಗಿದ್ದವು. ಬಿಲ್ ಬುಕ್ಕು, ಬೋರ್ಡು, ವಿಸಿಟಿಂಗ್ ಕಾರ್ಡಿನ ಮೇಲೆಲ್ಲ ಅಚ್ಚಾಗಿದ್ದ ವಿಳಾಸ ದಾಖಲೆಯಲ್ಲಿ ಮಾಲೀಕರದಾಗಿರಲೇ ಇಲ್ಲ. ಕೊನೆಗೆ ಹೊಸ ಹೆಸರು ಕೊಳ್ಳಬೇಕಾಯಿತು.

ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಅದು ವರ್ಷದ ಲೆಕ್ಕದ ಬಾಡಿಗೆ, ಒಮ್ಮೆಗೆ 10 ವರ್ಷದವರೆಗೂ ಕಟ್ಟಬಹುದು. ಅವಧಿ ಮುಗಿದು, ಅದರ ಮೇಲಿನ ರಿಯಾಯಿತಿ ದಿನಗಳೂ ಕಳೆದರೆ ಬೇರೆಯವರು ಕೊಂಡುಬಿಡಬಹುದು. ಆದ್ದರಿಂದ ನಿಮ್ಮ ಇಮೇಲ್, ನಿಮ್ಮ ಮೊಬೈಲ್, ನಿಮ್ಮದೇ ಪಾಸ್‌ವರ್ಡ್‌ನಿಂದ ಡೊಮೇನ್ ಕೊಡುವ ಕಂಪನಿಯಲ್ಲಿ ಖಾತೆ ತೆರೆಯಿರಿ. ಮೊದಲ ವರ್ಷದ ಅಗ್ಗದ ದರಕ್ಕೆ ಮರುಳಾಗದೆ ನವೀಕರಣದ ದರ ನೋಡಿ. ಡಾಟ್ ಇನ್ (.in) ಎಂದು ಕೊನೆಯಾಗುವ ವಿಳಾಸ ಸಾಕು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸವೂ ಸಿಗುತ್ತದೆ. ಆದರೆ ಫೋನಿನಲ್ಲಿ ಹೇಳಿ ಬರೆಸಲು ಸುಲಭವಾದ ಇಂಗ್ಲಿಷ್ ಅಕ್ಷರಗಳ ವಿಳಾಸ ಒಂದು ಇರಲೇಬೇಕು ಎನ್ನುವುದು ನನ್ನ ಅಭಿಪ್ರಾಯ.

ಫೇಸ್‌ಬುಕ್, ವಾಟ್ಸ್ಆ್ಯಪ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸನ್ನು ಯಾಹೂ 2009ರಲ್ಲಿ ಮುಚ್ಚಿತು. 2014ರಲ್ಲಿ ಆರ್ಕುಟ್ ಹೋಯಿತು, 2019ರಲ್ಲಿ ಗೂಗಲ್ ಪ್ಲಸ್. ಅಲ್ಲಿ ಬರೆದವರ ಕೈಯಲ್ಲಿ ವಿಳಾಸ ಇರಲಿಲ್ಲ.

ಕೊಪ್ಪಳದ ನಿವೃತ್ತ ಮೇಷ್ಟ್ರೊಬ್ಬರು ಗವಿಮಠ ಮತ್ತು ಪಾಲ್ಕಿಗುಂಡಿನ ಅಶೋಕನ ಶಾಸನಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದರು. ಎಲ್ಲ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದು ಹೋಗಿತ್ತು. ಉಳಿದಿದ್ದು ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಸಿ ಕಂಪ್ಯೂಟರಿನಲ್ಲಿ ಇಟ್ಟಿದ್ದ ಫೈಲುಗಳು. ತೆರೆದರೆ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು, ನಕಲು ಮಾಡಿ ವೆಬ್ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಇಂಗ್ಲಿಷ್ ಚಿಹ್ನೆಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿದ ಹಳೆಯ ಆಸ್ಕಿ ಫಾಂಟಿನಲ್ಲಿ ಕನ್ನಡದ ರೂಪ ಇರುತ್ತದೆಯೇ ಹೊರತು ಕನ್ನಡದ ಅಕ್ಷರ ಇರುವುದಿಲ್ಲ. ಹುಡುಕಿದರೆ ಗೂಗಲ್‌ಗೂ ಸಿಗದು. ಪರಿವರ್ತಕದಲ್ಲಿ ಹಾಕಿ, ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡ್ ಮಾಡಿದೆವು. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ತಪ್ಪು ಉಳಿದೇ ಉಳಿಯುತ್ತದೆ, ಸಾಲುಸಾಲಾಗಿ ಕಣ್ಣಾಡಿಸಲೇಬೇಕು. ಮೇಷ್ಟ್ರು ಕೂತು ತಿದ್ದಿದರು. ನಮ್ಮ ಜಿಲ್ಲೆಗಳಲ್ಲಿ ಇಂಥ ಫೈಲುಗಳು ಎಷ್ಟು ಮನೆಗಳಲ್ಲಿ ಬಿದ್ದಿವೆಯೋ ಎಂದು ನೆನೆದರೆ ಸಂಕಟವಾಗುತ್ತದೆ.

ಅವರ ಸೈಟಿಗೆ ದೊಡ್ಡ ವ್ಯವಸ್ಥೆಯೇನೂ ಬೇಕಾಗಲಿಲ್ಲ. ಲೇಖನಕ್ಕೊಂದು ಸಾದಾ ಎಚ್‌ಟಿಎಂಎಲ್ (ವೆಬ್ ಪುಟ ಬರೆಯುವ ಭಾಷೆ) ಫೈಲು, ಮೇಲೆ ಶೀರ್ಷಿಕೆ, ಕೆಳಗೆ ದಿನಾಂಕ. ತಲೆಭಾಗದಲ್ಲಿ ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಇಡುವ ವಿಧಾನ) ಎಂದು ಘೋಷಿಸಿ, ಭಾಷೆ ಕನ್ನಡ ಎಂದು ಗುರುತು ಹಾಕಿದರೆ ದೃಷ್ಟಿ ಇಲ್ಲದವರ ಓದುಯಂತ್ರವೂ ಕನ್ನಡದ ಧ್ವನಿಯಲ್ಲಿ ಓದಬಲ್ಲದು. ಗಿಟ್‌ಹಬ್ ಪೇಜಸ್, ಕ್ಲೌಡ್‌ಫ್ಲೇರ್ ಪೇಜಸ್ ಇಂಥ ಪುಟಗಳನ್ನು ಉಚಿತವಾಗಿ ಇಟ್ಟುಕೊಳ್ಳುತ್ತವೆ, ಬೀಗದ ಗುರುತಿನ ಸುರಕ್ಷತಾ ಪ್ರಮಾಣಪತ್ರವೂ ತಾನಾಗಿಯೇ ಬರುತ್ತದೆ. ಶಾಸನದ ಫೋಟೊ ಮೊಬೈಲಿನಿಂದ ಬಂದಾಗ ನಾಲ್ಕೈದು ಎಂಬಿ ಇತ್ತು. ಹಳ್ಳಿಯ ನೆಟ್‌ವರ್ಕ್‌ನಲ್ಲಿ ತೆರೆಯಲಿ ಎಂದು ಸುಮಾರು 200 ಕೆಬಿಗೆ ಇಳಿಸಿದೆವು.

ವಾರಕ್ಕೊಂದು ಬರೆಯುತ್ತೇನೆ ಎಂಬ ಶಪಥ ಬೇಡ. ಒಂದೇ ಪುಟದಿಂದ ಶುರು ಮಾಡಿ, ಆದರೆ ಒಮ್ಮೆ ಕೊಟ್ಟ ಪುಟದ ವಿಳಾಸವನ್ನು ಬದಲಿಸಬೇಡಿ. ಪ್ರತಿ ಸಲ ಹೊಸದು ಹಾಕಿದ ಮೇಲೆ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೂ ನಕಲು ಮಾಡಿಡಿ. ಪುಟ ಇಟ್ಟುಕೊಂಡ ಕಂಪನಿ ಕೈಕೊಟ್ಟರೆ ಅದೇ ಫೋಲ್ಡರನ್ನು ಬೇರೆ ಕಡೆ ಏರಿಸಿ, ಡೊಮೇನಿನ ಡಿಎನ್‌ಎಸ್ (ವಿಳಾಸ ಯಾವ ಕಂಪ್ಯೂಟರಿಗೆ ಹೋಗಬೇಕೆಂದು ಹೇಳುವ ದಾಖಲೆ) ಬದಲಿಸಿದರಾಯಿತು, ಓದುವವರಿಗೆ ಅದೇ ವಿಳಾಸದಲ್ಲಿ ಪುಟ ತೆರೆಯುತ್ತದೆ.